ಉಪವಾಸದ ದಿನದ ಗುಳಿಗೆ

ಜೂನ್ 19, 2025, ಗುರುವಾರ

ಮನೆಗೆ ಬಂದೆವು. ನಾಳೆ ವಿಠ್ಠಲನ ಊರಿಗೆ ಹೋಗುವ ಪಾಲಖಿ ಮೆರವಣಿಗೆ ಪುಣೆಯೊಳಗೆ ಬರುತ್ತದೆ, ರಸ್ತೆಗಳೆಲ್ಲ ಬಂದ್, ಹೋಗುವುದಿದ್ದರೆ ಇವತ್ತೇ ಹೋಗಿಬಿಡಿ ಎಂದು ಆಸ್ಪತ್ರೆಯವರು ಅವಸರ ಮಾಡಿದರು. ನಮ್ಮ ಸೊಸಾಯಟಿಗೆ ಲಿಫ್ಟ್ ಇದೆ, ಆದರೆ ಏರುವುದು ಇಳಿಯುವುದು ಅದರ ಮರ್ಜಿ. ಇವತ್ತು ಅದಕ್ಕೆ ಮರ್ಜಿ ಇರಲಿಲ್ಲ. ನೆರೆಯವರು ಮೂರ್ನಾಲ್ಕು ಜನ ಇವರನ್ನು ಕುರ್ಚಿಯಲ್ಲಿ ಕೂರಿಸಿ ಮೂರನೆಯ ಮಹಡಿಗೆ ಹೊತ್ತು ತಂದರು. ದಾರಿಯುದ್ದಕ್ಕೂ ಇವರು ಕಣ್ಣು ಮುಚ್ಚಿಕೊಂಡೇ ಇದ್ದರು. ನಾಚಿಕೆಯಾಗಿತ್ತು, ನನಗೆ ಗೊತ್ತಾಗುತ್ತದೆ.

ಬಲಗೈ ಹೋಗಿದೆ, ಬಲಗಾಲು ಹೋಗಿದೆ. ಮಾತಿನಲ್ಲಿ ಉಳಿದಿರುವುದು ಒಂದೇ ಒಂದು, "ಆತು". ನೀರು ಬೇಕೇ ಎಂದರೂ ಆತು, ಬೇಡವೇ ಎಂದರೂ ಆತು. ಲಕ್ಷ್ಮೀ ರಸ್ತೆಯ ಬಟ್ಟೆ ಅಂಗಡಿಯಲ್ಲಿ ಕೂತು ಮೂರು ಭಾಷೆಯಲ್ಲಿ ಗಿರಾಕಿಗಳನ್ನು ನಗಿಸುತ್ತಿದ್ದ ಮನುಷ್ಯ.

ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬರುತ್ತಿದೆ. ಇದನ್ನು ಓದುವವರು ಯಾರಿದ್ದಾರೆ, ಬರೆದುಬಿಡುತ್ತೇನೆ. ಎರಡು ವರ್ಷದ ಹಿಂದೆಯೇ ಪ್ರೆಶರ್ ಇದೆ ಎಂದು ಗುಳಿಗೆ ಕೊಟ್ಟಿದ್ದರು. ನಾಲ್ಕು ತಿಂಗಳು ನುಂಗಿದರು. ಆಮೇಲೆ ಒಮ್ಮೆ ತೋರಿಸಿದಾಗ ಎಲ್ಲ ಸರಿಯಾಗಿದೆ ಎಂದರಂತೆ. ಮನೆಗೆ ಬಂದು ನನ್ನನ್ನು ಮುದ್ದಿನ ಹೆಸರಿನಿಂದ ಕರೆದು ಹೇಳಿದ್ದೇನು? "ಅಕ್ಕೂ, ನಾರ್ಮಲ್ ಆಗೇದ. ಆರಾಮ ಇದ್ದಾವರು ಗುಳಗಿ ಯಾಕ ತಿನಬೇಕ?" ಗುಳಿಗೆ ತಿಂದದ್ದಕ್ಕೇ ಅಲ್ಲವೇ ಮಾರಾಯರೇ ನಾರ್ಮಲ್ ಆದದ್ದು! ಆಗಲೇ ಕೂಗಾಡಿದ್ದೆ. ಕೇಳಿದರೇ? ಮೊಸರನ್ನದ ಜೊತೆ ಮಾವಿನ ಉಪ್ಪಿನಕಾಯಿಯ ಹೋಳು ಬೇರೆ ಬಡಿಸಿಕೊಂಡರು.

ಇವತ್ತು ಡಾಕ್ಟರು ಬಿಡಿಸಿ ಹೇಳಿದರು. ಗುಳಿಗೆ ಬಿಟ್ಟ ಮೇಲೆ ಇಷ್ಟು ಕಾಲ ಹೆಚ್ಚಿನ ಒತ್ತಡದಲ್ಲಿ ದುಡಿದು ಇವರ ಹೃದಯದ ಬಡಿತ ತಾಳ ತಪ್ಪಿದೆಯಂತೆ. ಹಾಗೆ ತಪ್ಪಿದಾಗ ರಕ್ತ ಒಳಗೇ ನಿಂತು ಗಂಟಾಗುತ್ತದೆ, ಆ ಗಂಟು ಮೇಲಕ್ಕೆ ಹೋಗಿ ಮಿದುಳಿನ ನಾಳವನ್ನು ಮುಚ್ಚುತ್ತದೆ. ರಕ್ತ ಗಂಟಾಗದಂತೆ ಮುಂಜಾನೆ ಒಂದು, ರಾತ್ರಿ ಒಂದು ಗುಳಿಗೆ. ಒತ್ತಡಕ್ಕೆ ಮುಂಜಾನೆ ಇನ್ನೊಂದು. "ಒಂದು ಹೊತ್ತೂ ಚುಕವೂ ನಕಾ, ತಪ್ಪಿಸಬೇಡಿ," ಎಂದು ನನ್ನ ಮುಖ ನೋಡಿ ಹೇಳಿದರು. ತಪ್ಪಿಸಿದರೆ ಮತ್ತೆ ಬರಬಹುದು, ಎರಡನೆಯ ಹೊಡೆತ ಇಷ್ಟಕ್ಕೆ ನಿಲ್ಲುವುದಿಲ್ಲ ಎಂದರು.

ತಪ್ಪಿಸುವ ಮಾತೇ ಇಲ್ಲ. ನಾನೂ ಪ್ರೆಶರಿನವಳೇ, ಸಕ್ಕರೆಯವಳೇ. ನನ್ನ ಗುಳಿಗೆ ಒಂದು ದಿನ ತಪ್ಪಿದ್ದಿಲ್ಲ. ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಶಿಸ್ತು ಕಲಿಸಿದವಳು ನಾನು. ಇವರನ್ನು ನೋಡಿಕೊಳ್ಳುವುದು ಏನು ಮಹಾ.

ಜೂನ್ 22, ಭಾನುವಾರ

ಉಪ್ಪಿನಕಾಯಿಯ ಜಾಡಿ, ಹಪ್ಪಳ, ಉಪ್ಪು ಹಚ್ಚಿದ ಮೆಣಸಿನಕಾಯಿ ಎಲ್ಲ ಎದುರುಮನೆಯ ಕುಂದಾ ವಹಿನಿಗೆ ಕೊಟ್ಟುಬಿಟ್ಟೆ. ಅತ್ತಿಗೆ ಎಂಬಂತೆ ನಾವು ಒಬ್ಬರನ್ನೊಬ್ಬರು ವಹಿನಿ ಎಂದೇ ಕರೆಯುವುದು. ಈ ಮನೆಯಲ್ಲಿ ಇನ್ನು ಸಪ್ಪನೆಯ ಸಾರು, ಸಪ್ಪನೆಯ ಪಲ್ಯ. ಮೊದಲ ತುತ್ತು ಬಾಯಿಗಿಟ್ಟಾಗ ಇವರು ನನ್ನನ್ನು ನೋಡಿದ ರೀತಿ! ಮಾತು ಇದ್ದಿದ್ದರೆ ನನ್ನ ತವರು ಜಮಖಂಡಿಯವರೆಗೂ ಬೈಗುಳ ಹೋಗುತ್ತಿತ್ತು.

ಮಗಳು ಸ್ನೇಹಲ್ ಚಿಂಚವಾಡದಿಂದ ಬಂದಿದ್ದಳು. ಅಲ್ಲಿ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ, ಗಂಡ, ಅತ್ತೆ, ಎಲ್ಲ ಅಲ್ಲೇ. ಅವತ್ತು ಇವರ ಬಾಯಿ ಸೊಟ್ಟಗಾದಾಗ ನಾನು ಫೋನಿನಲ್ಲಿ ಅಳುತ್ತಿದ್ದರೆ, ನಗಲು ಹೇಳು, ಎರಡೂ ಕೈ ಎತ್ತಲು ಹೇಳು, ಒಂದು ಕೈ ಬಿದ್ದರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಿ ಎಂದವಳು ಅವಳೇ. ಆ ಹೊತ್ತಿಗೆ ಒಯ್ದದ್ದಕ್ಕೆ ಇವರು ಬದುಕಿದ್ದಾರೆ.

"ಅವ್ವಾ, ಒಬ್ಬಾಕಿ ಕೆಲಸದಾಕಿನ ಇಡೂಣು, ದಿನಾ ಪೂರ್ತಿ ಇರ್ತಾಳ. ನಿನಗ ಒಬ್ಬಾಕಿಗೇ ಆಗಂಗಿಲ್ಲ."

"ಯಾಕ ಆಗಂಗಿಲ್ಲ? ನನಗೇನು ಕೈ ಇಲ್ಲೇನು, ಕಾಲಿಲ್ಲೇನು? ನಿಮ್ಮಪ್ಪನ ಕೆಲಸ ಹೊರಗಿನವರ ಕಡೆಯಿಂದ ಮಾಡಸೂದು ಬ್ಯಾಡ."

ಹುಡುಗಿ ಮುಖ ಸಣ್ಣದು ಮಾಡಿಕೊಂಡು ಹೋದಳು. ಸ್ವಲ್ಪ ಒರಟಾಗಿ ಹೇಳಿದೆನೇನೋ.

ಜೂನ್ 30, ಸೋಮವಾರ

ವ್ಯಾಯಾಮ ಮಾಡಿಸಲು ಸಿಂಧೂರ ಎಂಬ ಹುಡುಗಿ ಬರತೊಡಗಿದ್ದಾಳೆ. ತುಮಕೂರಿನವಳು, ಇಲ್ಲಿ ಫಿಸಿಯೋಥೆರಪಿ ಓದಿ ಇಲ್ಲೇ ಉಳಿದಿದ್ದಾಳೆ. ಕನ್ನಡದವಳು ಎಂದು ಖುಷಿಯಾಯಿತು. ಅವಳ ಕನ್ನಡ ಕೇಳಿ ಇವರ ಮುಖದಲ್ಲಿ ತುಸು ನಗೆ ಬಂದಿತು.

"ಅಂಕಲ್, ಈ ಬಾಲ್ ಗಟ್ಟಿಯಾಗಿ ಹಿಡ್ಕೊಳ್ಳಿ ನೋಡೋಣ. ಸೂಪರ್! ಇನ್ನೊಂದ್ ಸಲ."

"ಆತು," ಅಂದರು. ಬೆರಳು ಅಲ್ಲಾಡಲಿಲ್ಲ.

ಇಂದಿನಿಂದ ಸೋಮವಾರ ಹಿಡಿದಿದ್ದೇನೆ. ನಮ್ಮ ತವರಲ್ಲಿ ಅವ್ವ ಅಪ್ಪನ ಸಲುವಾಗಿ ಹಿಡಿಯುತ್ತಿದ್ದಳು. ಬೆಳಗಿನಿಂದ ಏನೂ ಇಲ್ಲ, ಸಂಜೆ ಪೂಜೆಯಾದ ಮೇಲೆ ಒಪ್ಪೊತ್ತು ಊಟ. ಇವರ ಕೈಗೆ ಶಕ್ತಿ ಬರಲಿ, ಆ ಎರಡನೆಯ ಹೊಡೆತ ನಮ್ಮ ಬಾಗಿಲಿಗೆ ಬರದಿರಲಿ, ಅಷ್ಟೇ ನಾನು ಕೇಳುವುದು.

ನನ್ನ ಗುಳಿಗೆಗಳು ನಾಷ್ಟಾ ಆದ ಮೇಲೆ ತೆಗೆದುಕೊಳ್ಳುವಂಥವು. ನಾಷ್ಟಾ ಇಲ್ಲವೆಂದರೆ ಗುಳಿಗೆ ಹೇಗೆ ತೆಗೆದುಕೊಳ್ಳುವುದು? ಸಕ್ಕರೆಯದ್ದನ್ನು ಖಾಲಿ ಹೊಟ್ಟೆಗೆ ನುಂಗಿದರೆ ತಲೆ ತಿರುಗುತ್ತದೆ ಎಂದು ಡಾಕ್ಟರೇ ಹೇಳಿದ್ದುಂಟು. ಪ್ರೆಶರಿನದಕ್ಕೂ ಅದೇ ನಿಯಮವಿರಬೇಕು. ವಾರಕ್ಕೊಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ.

ಜುಲೈ 6, ಭಾನುವಾರ

ಆಷಾಢಿ ಏಕಾದಶಿ. ಕುಂದಾ ವಹಿನಿ ದೊಡ್ಡ ಬಟ್ಟಲು ತುಂಬ ಸಾಬೂದಾಣೆ ಖಿಚಡಿ ತಂದರು. ಮೇಲೆ ಆಲೂಗಡ್ಡೆಯ ಚಿಪ್ಸು, ತುಪ್ಪ ಜಿನುಗುವಷ್ಟು. ಪುಣೆಯವರ ಉಪವಾಸವೆಂದರೆ ಹಬ್ಬಕ್ಕಿಂತ ಜೋರು. ನಮ್ಮ ಕಡೆ ಏಕಾದಶಿ ಇಲ್ಲ, ಆದರೂ ವಿಠ್ಠಲನ ಊರಿನ ದಾರಿಯಲ್ಲೇ ಇದ್ದುಕೊಂಡು ಅವನಿಗೆ ಬೇಡ ಎನ್ನುವುದು ಹೇಗೆ? ಹಿಡಿದೆ.

"ಅಹೋ ವಹಿನಿ, ಗುರುವಾರ ಪಣ ಧರಾ. ಸ್ವಾಮೀ ಪಾಠೀಶೀ ಆಹೇತ," ಎಂದರು ವಹಿನಿ. ಗುರುವಾರವೂ ಹಿಡಿಯಿರಿ, ಸ್ವಾಮಿಗಳು ಬೆನ್ನಿಗಿದ್ದಾರೆ ಎಂದು. ಅವರ ತಮ್ಮನಿಗೆ ಹೀಗೇ ಆಗಿ, ಗುರುವಾರ ಹಿಡಿದ ಮೇಲೆ ಎದ್ದು ಓಡಾಡಿದನಂತೆ.

ನೋಡೋಣ. ಒಂದು ದಿನ ಹೆಚ್ಚಾದರೆ ನನಗೇನು ಭಾರ.

ಜುಲೈ 17, ಗುರುವಾರ

ಇವತ್ತು ಇವರ ಬಲಗೈ ಹೆಬ್ಬೆರಳು ಅಲ್ಲಾಡಿತು! ಸಿಂಧೂರ ಚಪ್ಪಾಳೆ ತಟ್ಟಿದಳು. ನಾನು ದೇವರ ಮನೆಗೆ ಓಡಿದೆ. ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಹಿಡಿದುಕೊಂಡರೆ ಎದ್ದು ಕೂಡುತ್ತಾರೆ, ನಾಲ್ಕು ಹೆಜ್ಜೆ ಎಳೆದುಕೊಂಡು ಹೋಗುತ್ತಾರೆ.

ಎರಡು ಗುರುವಾರಕ್ಕೇ ಹೀಗೆ. ವ್ಯಾಯಾಮದ ಗುಣ ಎಂದು ಸಿಂಧೂರ ಹೇಳುತ್ತಾಳೆ, ಅವಳು ಹೇಳಲೇಬೇಕು, ಅವಳ ಕೆಲಸ. ಪಾಪದ ಹುಡುಗಿ, ಹೋಗುವಾಗ ಒಂದು ಮಾತು ಕೇಳಿದಳು. "ಅಮ್ಮ, ನೀವ್ಯಾಕೆ ಇಷ್ಟೊಂದು ಏದುಸಿರು ಬಿಡ್ತಿದ್ದೀರಾ?"

ಲಿಫ್ಟ್ ಕೆಟ್ಟಿತ್ತು, ತರಕಾರಿ ಹೊತ್ತು ಬಂದಿದ್ದೆ, ಏದುಸಿರು ಬಿಡದೆ ಹಾಡು ಹೇಳಲೇ ಎಂದೆ. ನಕ್ಕಳು.

ಇತ್ತೀಚೆಗೆ ಎರಡನೆಯ ಮಹಡಿಯಲ್ಲಿ ಒಮ್ಮೆ ನಿಂತು ಬರುತ್ತೇನೆ. ವಯಸ್ಸು.

ಜುಲೈ 21, ಸೋಮವಾರ

ಗ್ಯಾಸ್ ಭಾಳ ಕಾಡಿತು. ಮಧ್ಯಾಹ್ನ ಇವರಿಗೆ ಅಂಬಲಿ ಕುಡಿಸುತ್ತಿದ್ದಾಗ ಬೆನ್ನಿನ ನಡುವೆ ಯಾರೋ ಕಲ್ಲು ಹೇರಿದಂತಾಯಿತು. ದವಡೆಯವರೆಗೂ ಸೆಳೆತ. ಮೈಯೆಲ್ಲ ಬೆವರು, ಫ್ಯಾನ್ ಜೋರಾಗಿ ತಿರುಗುತ್ತಿದ್ದರೂ ಸೀರೆ ಒದ್ದೆ. ಬಟ್ಟಲು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕುಳಿತೆ. ಖಾಲಿ ಹೊಟ್ಟೆಗೆ ಹೀಗಾಗುತ್ತದೆ.

ಇವರು ಎಡಗೈಯಿಂದ ಮಂಚ ಬಡಿಯತೊಡಗಿದರು. "ಆತು! ಆತು! ಆತು!" ನನ್ನ ಕಡೆ ನೋಡಿ ಕೂಗು. ಅಂಬಲಿ ಅರ್ಧಕ್ಕೆ ನಿಂತಿತ್ತಲ್ಲ, ಸಿಟ್ಟು. "ಅಯ್ಯ, ಒಂದ್ ನಿಮಿಷ ಕುಂದರಾಕೂ ಬಿಡಂಗಿಲ್ಲೇನ್ರಿ ನೀವು?" ಎಂದು ಗದರಿದೆ. ಇವರು ಅಳಲು ಶುರುಮಾಡಿದರು. ಈ ಕಾಯಿಲೆಯಲ್ಲಿ ಅಳು ಬೇಗ ಬರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ಸ್ವಲ್ಪ ಹೊತ್ತಿಗೆ ತಾನೇ ಇಳಿಯಿತು. ಜೀರಿಗೆ ನೀರು ಕುಡಿಯುವಂತೆಯೂ ಇಲ್ಲ, ಪೂಜೆ ಆಗಿರಲಿಲ್ಲ.

ಜುಲೈ 24, ಗುರುವಾರ

ಇವತ್ತೊಂದು ಹೊಸ ಆಟ. ಮುಂಜಾನೆ ಗುಳಿಗೆ ಕೊಡಹೋದರೆ ತುಟಿ ಬಿಗಿದುಕೊಂಡರು. ಎಷ್ಟು ಹೇಳಿದರೂ ಬಾಯಿ ತೆರೆಯಲಿಲ್ಲ. ಉಪ್ಪಿಟ್ಟಿನ ತಟ್ಟೆಯನ್ನು ಎಡಗೈಯಿಂದ ನನ್ನ ಕಡೆಗೆ ನೂಕಿದರು. ಉಪ್ಪು ಕಡಿಮೆ ಎಂದು ಸಿಟ್ಟು. ಎಷ್ಟು ದಿನದಿಂದ ಸಪ್ಪೆ ತಿಂದವರಿಗೆ ಇವತ್ತು ಯಾಕೆ ನೆನಪಾಯಿತೋ!

ವಿಚಿತ್ರವೆಂದರೆ ರಾತ್ರಿ ನನ್ನ ಪೂಜೆ, ಊಟ ಮುಗಿದ ಮೇಲೆ ಕೊಟ್ಟರೆ ಕೂಸಿನ ಹಾಗೆ ಬಾಯಿ ತೆರೆದು ನುಂಗಿದರು. ಮುಂಜಾನೆಯದು ಮಾತ್ರ ತಪ್ಪಿಹೋಯಿತು.

ಜುಲೈ 28, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಈ ತಿಂಗಳು ಸೋಮವಾರ ನಿರಂಕಾರ, ನೀರೂ ಇಲ್ಲ, ಮರುದಿನ ಬೆಳಗಿನವರೆಗೆ.

ಇವರೂ ಇವತ್ತು ಹಟ ಹಿಡಿದರು. ಮುಂಜಾನೆ ಬೇಡ, ರಾತ್ರಿಯೂ ಬೇಡ. ಬಾಳೆಹಣ್ಣಿನಲ್ಲಿ ಹುದುಗಿಸಿ ಕೊಟ್ಟೆ, ಗುಳಿಗೆಯನ್ನು ನಾಲಿಗೆಯಿಂದ ಹುಡುಕಿ ಉಗುಳಿದರು. ಹಣ್ಣನ್ನು ಎಡಗೈಯಲ್ಲಿ ಹಿಡಿದು ನನ್ನ ಬಾಯಿಗೆ ತಂದರು. "ನನ್ನ ಉಪವಾಸ ಅದರೀ, ತಿಳಿಯಂಗಿಲ್ಲೇನು?" ಎಂದು ಕೈ ಸರಿಸಿದೆ. ಹಣ್ಣು ನೆಲಕ್ಕೆ ಬಿತ್ತು.

ನನಗೆ ಹೆದರಿಕೆಯಾಗುತ್ತಿದೆ. ದಿನಪೂರ್ತಿ ರಕ್ತದ ಗುಳಿಗೆ ಇಲ್ಲ. ಡಾಕ್ಟರ ಮಾತು ಕಿವಿಯಲ್ಲೇ ಇದೆ. ಸ್ನೇಹಲ್ ಫೋನ್ ಮಾಡಿದಾಗ ಎಲ್ಲ ಆರಾಮ ಎಂದೆ. ಹೇಳಿದರೆ ನಾಳೆಯೇ ಯಾರನ್ನಾದರೂ ಕರೆತಂದು ನಿಲ್ಲಿಸುತ್ತಾಳೆ, ಅವ್ವನ ಕೈಲಿ ಆಗಲಿಲ್ಲ ಎಂದಾಗುತ್ತದೆ.

ಆಗಸ್ಟ್ 3, ಭಾನುವಾರ

ಮಂಗಳವಾರ, ಬುಧವಾರ ಸರಿಯಾಗಿ ತೆಗೆದುಕೊಂಡರು. ಗುರುವಾರ ಮತ್ತೆ ಬಾಯಿ ಬಿಗಿದರು. ಶುಕ್ರವಾರದಿಂದ ಸುಸೂತ್ರ. ಏನೂ ಅರ್ಥವಾಗುವುದಿಲ್ಲ. ಹವೆ ಬದಲಾದರೆ ಹೀಗಾಗುತ್ತದೋ ಏನೋ, ಈ ಮಳೆ ಬಿಡುವಂತೆ ಕಾಣುವುದಿಲ್ಲ.

ನಿನ್ನೆ ಸಿಂಧೂರ ಪ್ರೆಶರ್ ನೋಡುವ ಯಂತ್ರ ತಂದಿದ್ದಳು. ಇವರದು ಹೆಚ್ಚಿಗೆ ಬಂತು. ಗುಳಿಗೆ ಸರಿಯಾಗಿ ಕೊಡ್ತಿದ್ದೀರಾ ಎಂದು ಕೇಳಿದಳು. ಕೊಡುತ್ತಿದ್ದೇನೆ ಎಂದೆ. ಕೊಡುವುದು ಸುಳ್ಳಲ್ಲವಲ್ಲ.

"ಅಮ್ಮ, ಕೈ ಕೊಡಿ, ನಿಮ್ದೂ ಒಂದ್ ಸಲ ನೋಡ್ಬಿಡ್ತೀನಿ."

"ನಂದ್ಯಾಕ? ರೋಗಿ ಅಲ್ಲಿ ಮಲಗ್ಯಾರ ನೋಡು."

ಅಲ್ಲಿ ಮಲಗಿದವರು ತಲೆಯೆತ್ತಿ ಸಿಂಧೂರಳನ್ನೇ ನೋಡುತ್ತಿದ್ದರು. "ಆತು, ಆತು" ಎಂದರು. ಅವಳು ಯಂತ್ರವನ್ನು ಮತ್ತೆ ಅವರ ಕೈಗೇ ಕಟ್ಟಹೋದಳು. ಇವರು ಕೈ ಜಾಡಿಸಿಬಿಟ್ಟರು.

ಆಗಸ್ಟ್ 12, ಮಂಗಳವಾರ

ನಿನ್ನೆ ಸೋಮವಾರ, ಇವತ್ತು ಅಂಗಾರಕಿ ಚತುರ್ಥಿ. ಮಂಗಳವಾರ ಬರುವ ಸಂಕಷ್ಟಿ ಅಪರೂಪ, ಒಂದು ಹಿಡಿದರೆ ವರ್ಷದ ಫಲ ಎಂದು ವಹಿನಿ ಹೇಳಿದ ಮೇಲೆ ಬಿಡುವುದು ಹೇಗೆ. ಚಂದ್ರ ಕಾಣುವವರೆಗೆ ಊಟವಿಲ್ಲ. ಮೋಡದಲ್ಲಿ ಚಂದ್ರ ಎಲ್ಲಿ ಕಾಣಬೇಕು, ಪಂಚಾಂಗದ ಹೊತ್ತು ನೋಡಿ ಕೈಮುಗಿಯುವುದು.

ಎರಡು ದಿನವೂ ಇವರು ಗುಳಿಗೆ ಮುಟ್ಟಲಿಲ್ಲ.

ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಇವತ್ತು ಮೂಗು ಹಿಡಿದೆ. ಕೂಸಿಗೆ ಔಷಧ ಕುಡಿಸುವಾಗ ಹಿಡಿಯುತ್ತಾರಲ್ಲ, ಹಾಗೆ. ಉಸಿರಿಗಾಗಿ ಬಾಯಿ ತೆರೆದರು, ಗುಳಿಗೆ ತುರುಕಿದೆ. ನನ್ನ ಬೆರಳು ಕಚ್ಚಿದರು. ಗುಳಿಗೆ ಹೊರಗೆ ಬಂತು. "ಸಾಯಬೇಕಂತ ಮಾಡೀರೇನು? ನಿಮ್ಮ ಸಲುವಾಗಿ ನಾ ಇಲ್ಲಿ ನೀರಿಲ್ಲದ ಕುಂತೀನಿ, ನಿಮಗ ಒಂದು ಗುಳಗಿ ನುಂಗಾಕ ಆಗಂಗಿಲ್ಲ? ಸಾಯ್ರಿ ಹಂಗಾರ!" ಎಂದು ಕೂಗಿದೆ. ಎದುರುಮನೆಯವರಿಗೂ ಕೇಳಿಸಿರಬೇಕು.

ಇವರು ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಕೈಹಿಡಿದು, ಕಚ್ಚಿದ ಬೆರಳನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು. "ಆತು," ಅಂದರು, ಮೆಲ್ಲಗೆ. ನಾನೂ ಅತ್ತೆ. ಈ ಮನುಷ್ಯನ ಮೇಲೆ ಮೊದಲಿನ ಸಿಟ್ಟು ಈಗ ಇಲ್ಲವೇ ಇಲ್ಲ. ಎಲ್ಲಿ ಹೋಯಿತೋ.

ತಲೆ ಸಿಡಿಯುತ್ತಿದೆ. ಕಣ್ಣೆದುರು ಮಿಣುಕು ಮಿಣುಕು. ನಿದ್ದೆ ಸಾಲದು.

ಆಗಸ್ಟ್ 14, ಗುರುವಾರ

ಮತ್ತೆ ಇಲ್ಲ. ಬಲಗಾಲು ಇವತ್ತು ಮೊದಲಿಗಿಂತ ಭಾರವಾಗಿ ಎಳೆಯುತ್ತಿತ್ತು.

ಇನ್ನೂ ಗಟ್ಟಿಯಾಗಿ ಹಿಡಿಯಬೇಕು. ಶನಿವಾರವೂ ಹಿಡಿಯಲೇ ಎಂದು ಯೋಚನೆ.

ಆಗಸ್ಟ್ 20, ಬುಧವಾರ

ಆಸ್ಪತ್ರೆ. ಸೋಮವಾರ ಸಂಜೆ ಆಯಿತು.

ಪೂಜೆಗೆ ಕುಳಿತಿದ್ದೆ. ತಟ್ಟೆ ಬಿದ್ದ ಸದ್ದು. ಬಂದು ನೋಡಿದರೆ ಕಣ್ಣುಗಳು ಒಂದು ಕಡೆ ತಿರುಗಿದ್ದವು. ಈ ಸಲ ಆತು ಎಂಬುದೂ ಬರಲಿಲ್ಲ.

ಮಳೆ. ಆಂಬ್ಯುಲೆನ್ಸ್ ಬರಲು ತಡವಾಯಿತು. ಇನ್ನು ಬರೆಯಲಾರೆ.

ಆಗಸ್ಟ್ 23, ಶನಿವಾರ

ಇಂದು ಡಾಕ್ಟರು ನನ್ನನ್ನೂ ಸ್ನೇಹಲ್‌ಳನ್ನೂ ಕೂರಿಸಿಕೊಂಡು ಕೇಳಿದರು. ಈ ಸಲ ಗಂಟು ದೊಡ್ಡದು, ರಕ್ತದ ಗುಳಿಗೆ ತಪ್ಪಿತ್ತೇ ಎಂದು. ಸುಳ್ಳು ಹೇಳುವ ಬಲ ಇರಲಿಲ್ಲ. ತಪ್ಪಿತ್ತು, ಬಾಯಿ ತೆರೆಯುತ್ತಿರಲಿಲ್ಲ ಎಂದೆ.

ದಿನಾ ತೆರೆಯುತ್ತಿರಲಿಲ್ಲವೇ?

ದಿನಾ ಅಲ್ಲ, ಸೋಮವಾರ, ಎಂದೆ. ಗುರುವಾರ. ಆ ಅಂಗಾರಕಿಯ ದಿನ.

ಸ್ನೇಹಲ್ ನನ್ನ ಕಡೆ ತಿರುಗಿದಳು.

"ಅವ್ವಾ, ಅವು ನಿನ್ನ ಉಪಾಸದ ದಿನ ಅಲ್ಲೇನು?"

ಅಷ್ಟೇ ಕೇಳಿದಳು. ಆ ತಟ್ಟೆ ನೂಕಿದ್ದು. ಆ ಬಾಳೆಹಣ್ಣು. ಸಿಂಧೂರಳ ಯಂತ್ರ. ನಾನು ಉಂಡ ರಾತ್ರಿ ಸುಮ್ಮನೆ ಬಾಯಿ ತೆರೆದದ್ದು. ಎಲ್ಲ ನನ್ನ ಕಣ್ಣೆದುರೇ ನಡೆದಿತ್ತು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ಎದುರಿಗೆ ಮಲಗಿದ ಒಬ್ಬ ಮನುಷ್ಯ ಏನು ಹೇಳುತ್ತಿದ್ದಾನೆಂದು ತಿಳಿಯಲಿಲ್ಲ. ನೀನು ಉಂಡು ನಿನ್ನ ಗುಳಿಗೆ ತೆಗೆದುಕೊಂಡರೆ ನಾನೂ ತೆಗೆದುಕೊಳ್ಳುತ್ತೇನೆ ಎನ್ನುತ್ತಿದ್ದರು. ಅಷ್ಟೇ ಹೇಳುತ್ತಿದ್ದರು.

ಗುಳಿಗೆ ತಪ್ಪಿದ್ದೇ ಕಾರಣ ಎಂದು ನೂರಕ್ಕೆ ನೂರು ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ಒಳ್ಳೆಯವರು. ಆದರೆ ಈ ಗುಳಿಗೆಯ ಕಾವಲು ಅರ್ಧ ದಿನಕ್ಕೆ ಮುಗಿಯುತ್ತದೆ, ಬಿಟ್ಟ ದಿನ ಕಾವಲಿಲ್ಲ ಎಂದೂ ಹೇಳಿದರು.

ಆಗಸ್ಟ್ 29, ಶುಕ್ರವಾರ

ಗಣಪತಿ ಕೂತಿದ್ದಾನೆ. ಹೊರಗೆ ಢೋಲು, ತಾಷೆ, ಆಸ್ಪತ್ರೆಯ ಕಿಟಕಿಯ ಗಾಜು ನಡುಗುತ್ತದೆ. ಇವರು ಏನಕ್ಕೂ ಕಣ್ಣು ತಿರುಗಿಸುವುದಿಲ್ಲ. ಮೂಗಿನಲ್ಲಿ ನಳಿಗೆ. ಅನ್ನ, ಔಷಧ ಎಲ್ಲ ಅದರಲ್ಲೇ.

ಸ್ನೇಹಲ್ ಹಟ ಮಾಡಿ ನನ್ನನ್ನೂ ಪರೀಕ್ಷೆ ಮಾಡಿಸಿದಳು. ಪ್ರೆಶರ್ ಎರಡು ನೂರರ ಹತ್ತಿರ. ಎದೆಯ ಇಸಿಜಿ ಪಟ್ಟಿ ತೆಗೆದರು, ಮತ್ತೆ ತೆಗೆದರು, ಆಮೇಲೆ ಎದೆಯ ಮೇಲೆ ಯಂತ್ರವಿಟ್ಟು ಒಳಗೆ ನೋಡಿದರು. ಇತ್ತೀಚೆಗೆ ಯಾವಾಗಲೋ ಒಂದು ಹೃದಯಾಘಾತ ಆಗಿಹೋಗಿದೆ, ಗೊತ್ತಾಗಲಿಲ್ಲವೇ ಎಂದು ಕೇಳಿದರು. ಎದೆನೋವೇ ಬರಲಿಲ್ಲ ಎಂದೆ. ಹೆಂಗಸರಿಗೆ, ಅದರಲ್ಲೂ ಸಕ್ಕರೆ ಇದ್ದವರಿಗೆ, ಎದೆನೋವೇ ಬರಬೇಕೆಂದಿಲ್ಲವಂತೆ. ಬೆನ್ನು, ದವಡೆ, ಬೆವರು, ಏದುಸಿರು.

ನಾನು ಗ್ಯಾಸ್ ಅಂದುಕೊಂಡಿದ್ದೆ. ಮಂಚ ಬಡಿದು ಕೂಗಿದವರನ್ನು ಗದರಿಸಿದ್ದೆ. ಆ ದಿನ ನಮ್ಮ ಮನೆಯಲ್ಲಿ ಡಾಕ್ಟರು ಯಾರಾದರೂ ಇದ್ದರೆಂದರೆ ಅದು ಇವರೊಬ್ಬರೇ.

ಪ್ರೆಶರಿನ ಗುಳಿಗೆಗೆ ಊಟದ ಹಂಗೇ ಇಲ್ಲವಂತೆ, ಒಂದು ಗುಟುಕು ನೀರು ಸಾಕಂತೆ. ಸಕ್ಕರೆಯವರು ಉಪವಾಸ ಮಾಡುವುದಿದ್ದರೆ ಮೊದಲೇ ಕೇಳಬೇಕು, ಗುಳಿಗೆ ಹೊಂದಿಸಿ ಕೊಡುತ್ತೇವೆ ಎಂದರು. ಕೇಳಬಹುದಿತ್ತು. ಒಂದು ಫೋನ್. ಕೇಳಿದರೆ ಬೇಡ ಎಂದುಬಿಟ್ಟಾರು ಎಂದು ಒಳಗೊಳಗೇ ಹೆದರಿಕೆ ಇತ್ತೇನೋ.

ಸೆಪ್ಟೆಂಬರ್ 10, ಬುಧವಾರ

ಮನೆಗೆ ತಂದೆವು. ದಿನವಿಡೀ ಇರಲು ಒಬ್ಬಾಕೆಯನ್ನು ಸ್ನೇಹಲ್ ಗೊತ್ತುಮಾಡಿದ್ದಾಳೆ. ಬೇಡ ಎನ್ನಲಿಲ್ಲ.

ಸಿಂಧೂರ ಬಂದು ಕೈಕಾಲು ಮಡಿಸಿ ಬಿಡಿಸಿ ಹೋಗುತ್ತಾಳೆ. ಮೊದಲಿನ ಹಾಗೆ ಸೂಪರ್ ಎನ್ನುವುದಿಲ್ಲ.

ಸೆಪ್ಟೆಂಬರ್ 22, ಸೋಮವಾರ

ನವರಾತ್ರಿ ಶುರು. ಕುಂದಾ ವಹಿನಿ ಮುಂಜಾನೆಯೇ ಘಟಸ್ಥಾಪನೆಯ ಪ್ರಸಾದ ಹಿಡಿದು ಬಂದರು. ಒಂಬತ್ತು ದಿನ ಅವರಿಗೆ ಕಡಕ್ ಉಪವಾಸ. ನಾನು ಅಡುಗೆಮನೆಯಲ್ಲಿ ಉಪ್ಪಿಟ್ಟು ತಿರುವುತ್ತಿದ್ದುದನ್ನು ನೋಡಿ ಬಾಗಿಲಲ್ಲೇ ನಿಂತರು.

"ವಹಿನಿ, ಆಜ್ ಸೋಮವಾರ ನಾ? ಉಪವಾಸ ಸೋಡಲಾ?"

"ಹೋ, ಸೋಡಲಾ," ಎಂದೆ. ಹೌದು, ಬಿಟ್ಟೆ ಎಂದು. ಅವರ ಕಣ್ಣಲ್ಲೂ ನೀರಿತ್ತು. ಅವರನ್ನು ಯಾಕೆ ಅನ್ನಲಿ, ಅವರು ಪ್ರೀತಿಯಿಂದಲೇ ಹೇಳಿದ್ದರು. ದೇವರನ್ನೂ ಏನೂ ಅನ್ನುವುದಿಲ್ಲ. ಗುಳಿಗೆ ಬಿಡು ಎಂದು ಅವನು ಯಾವಾಗ ಹೇಳಿದ್ದ?

ಉಪ್ಪಿಟ್ಟಿನ ತಟ್ಟೆ ಹಿಡಿದು ಇವರ ಮಂಚದ ಮುಂದೆ, ಕಣ್ಣು ನೇರ ಬೀಳುವ ಕಡೆ ಕುರ್ಚಿ ಎಳೆದುಕೊಂಡು ಕುಳಿತೆ. ಒಂದೊಂದೇ ತುತ್ತು ತೋರಿಸಿ ತಿಂದೆ. ಆಮೇಲೆ ನನ್ನ ಗುಳಿಗೆಗಳನ್ನು, ಈಗ ಅವು ಐದು, ಅಂಗೈಯಲ್ಲಿಟ್ಟು ತೋರಿಸಿದೆ. ಒಂದೊಂದಾಗಿ ನುಂಗಿ, ಬಾಯಿ ತೆರೆದು ನಾಲಿಗೆ ತೋರಿಸಿದೆ.

"ನೋಡ್ರಿ. ಉಂಡೆ. ಗುಳಗಿನೂ ತಗೊಂಡೆ. ಈಗ ನಿಮ್ಮ ಪಾಳಿ."

ಕಣ್ಣು ತೆರೆದೇ ಇತ್ತು. ಕಂಡಿತೋ ಇಲ್ಲವೋ.

ಕೆಲಸದಾಕೆ ಗುಳಿಗೆ ಪುಡಿ ಮಾಡಿ ನೀರಲ್ಲಿ ಕಲಸಿ ಕೊಟ್ಟಳು. ನಳಿಗೆಯಲ್ಲಿ ಹಾಕುವುದು ಸುಲಭ, ಒಂದು ನಿಮಿಷದ ಕೆಲಸ, ಒಂದು ಹನಿಯೂ ಹೊರಗೆ ಬರುವುದಿಲ್ಲ. ಈಗ ಯಾವ ಹೊತ್ತೂ ತಪ್ಪುವುದಿಲ್ಲ. ಆದರೂ ಹಾಕುವ ಮೊದಲು ಇವರ ತುಟಿಯನ್ನೇ ನೋಡುತ್ತಾ ಕುಳಿತೆ. ಒಮ್ಮೆ, ಒಂದೇ ಒಂದು ಸಲ ತುಟಿ ಬಿಗಿದುಕೊಂಡು ಬೇಡ ಎಂದರೆ, ಪಾತೇಲಿಯಲ್ಲಿ ಉಳಿದದ್ದನ್ನೂ ಬಡಿಸಿಕೊಂಡು ಬಂದು ಇವರೆದುರಿಗೇ ಕೂತು ಉಣ್ಣುತ್ತಿದ್ದೆ.